ಮೂರನೇ ಚರಣದಲ್ಲಿ ಸತ್ತ ಲೊರೀನ್

ವರ್ಜಿಲ್ ಟ್ಯಾಕೆಟ್ ತನ್ನ ಹೆಂಡತಿಯನ್ನು ಹೊಸ ಹಾಡಿನ ಮೂರನೇ ಚರಣದಲ್ಲಿ ಸಾಯಿಸಿದ. ಇಪ್ಪತ್ತು ವರ್ಷ ಕವಿತೆ ಬರೆದು, ಹಾಡು ಕಟ್ಟಿ, ಟೆನೆಸ್ಸಿಯ ಹೋಟೆಲುಗಳಲ್ಲೆಲ್ಲ ಗಿಟಾರು ಬಾರಿಸಿದರೂ ತಿರುಗಿ ನೋಡದವರು ಈಗ ನೋಡಿದರು. ಬೆಳಿಗ್ಗೆ ಊರಿನ ರೇಡಿಯೊದಲ್ಲಿ ಹಾಡು ಬಂದದ್ದೇ ತಡ, ನ್ಯಾಶ್‌ವಿಲ್‌ನ ರೆಕಾರ್ಡ್ ಕಂಪನಿಯ ಹಾಲಿಸ್ ಕ್ರೇನ್ ಫೋನ್ ಮಾಡಿದ.

"ಮಧ್ಯಾಹ್ನ ಕರಾರುಪತ್ರ ತರ್ತೀನಿ, ಮನೇಲಿರಿ. ಇಂಥ ನಿಜವಾದ ದುಃಖ ಕೇಳಿ ಎಷ್ಟು ಕಾಲ ಆಗಿತ್ತು."

ನಿಜವಲ್ಲ ಎನ್ನುವ ಬದಲು ವರ್ಜಿಲ್ ಮನೆಯ ವಿಳಾಸ ಹೇಳಿದ.

ಹೆಂಡತಿ ಲೊರೀನ್ ವಾರದಿಂದ ತಂಗಿಯ ಮನೆಯಲ್ಲಿದ್ದಳು. ಹಾಡು ಕೇಳಿದ ಬೀದಿಯವರಿಗೆ ಅವಳು ಸತ್ತಳೆಂದು ನಂಬಲು ಅಷ್ಟು ಸಾಕಾಯಿತು. ಪಕ್ಕದ ಮನೆಯ ಮುದುಕಿ ಒಡೆಸ್ಸಾ ಪ್ರುಯಿಟ್, ಸಾವಿನ ಮನೆಗೆ ಊಟ ಒಯ್ಯುವ ಊರಿನ ಪದ್ಧತಿಯಂತೆ, ಕೋಳಿ-ಅನ್ನ ಬೇಯಿಸಿದ ಕ್ಯಾಸರೋಲ್ ಪಾತ್ರೆ ಹಿಡಿದು ಬಂದೇಬಿಟ್ಟಳು.

"ಒಂದು ಮಾತು ಹೇಳಬಾರದಿತ್ತೇನಪ್ಪಾ? ತಿನ್ನು. ಪಾತ್ರೆ ತೊಳೆದು ಕೊಡು, ಅಡೀಲಿ ಹೆಸರು ಅಂಟಿಸಿದೀನಿ."

ಅವಳ ಹಿಂದೆಯೇ ಚರ್ಚಿನ ಹೆಂಗಸರೆಲ್ಲ ಒಂದೊಂದು ಪಾತ್ರೆ ಹಿಡಿದು ಬಂದರು. ಮೇಜಿನ ಮೇಲೆ ಗಿಟಾರು ಇಡಲೂ ಜಾಗ ಉಳಿಯಲಿಲ್ಲ.

ಹನ್ನೆರಡಕ್ಕೆ ಹಿತ್ತಿಲ ಬಾಗಿಲಿನಿಂದ ಲೊರೀನ್ ಬಂದಳು. ಪಾತ್ರೆಗಳನ್ನು ನೋಡಿ, "ಯಾರು ಸತ್ರು?" ಎಂದಳು.

"ನೀನೇ," ಎಂದ ವರ್ಜಿಲ್. "ನಿನ್ನ ದಮ್ಮಯ್ಯ ಕಣೇ, ಸಹಿ ಆಗೋವರೆಗೂ ಅಡುಗೆಮನೇಲಿ ಸತ್ತಿರು."

ಗಂಡನ ಇಪ್ಪತ್ತು ವರ್ಷದ ಆಸೆ ನೆನೆದು ಅವಳು ಒಪ್ಪಿದಳು. ಹಾಲಿಸ್ ಬಂದ, ಪೆನ್ನು ತೆಗೆದ, ಎದುರಿಗೇ ಒಮ್ಮೆ ಹಾಡಿ ಎಂದ. ವರ್ಜಿಲ್ ಹಾಡಿದ. ಅವಳು ಮಾಡಿದ ಮೆಕ್ಕೆಜೋಳದ ಬ್ರೆಡ್ಡು ಕಲ್ಲಿನಂತಿದ್ದರೂ ಪ್ರೀತಿಗಾಗಿ ನುಂಗಿದೆ ಎಂಬ ಸಾಲು ಬಂತು.

ಅಡುಗೆಮನೆಯ ಬಾಗಿಲು ತೆರೆಯಿತು. ಲೊರೀನ್ ಅದೇ ರಾಗ ಹಿಡಿದು, ಆ ಕಲ್ಲನ್ನೇ ತಿಂದು ಇನ್ನೊಂದು ಕೇಳಿದವನ ಮೇಲೆ, ಸೂರು ಸೋರುವಾಗ ಪ್ರಾಸ ಹುಡುಕುತ್ತ ಕೂತವನ ಮೇಲೆ, ನಿಂತಲ್ಲೇ ನಾಲ್ಕು ಚರಣ ಕಟ್ಟಿ ಹಾಡಿದಳು.

ಹಾಲಿಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಗಂಡಸಿನ ಹಾಡಿಗೆ ಹೆಂಗಸಿನ ಎದುರುಹಾಡು ನಮ್ಮಲ್ಲಿ ಯಾವತ್ತೂ ಓಡುತ್ತೆ," ಎನ್ನುತ್ತ ಕರಾರಿನಲ್ಲಿ ವರ್ಜಿಲ್‌ನ ಹೆಸರು ಹೊಡೆದು ಲೊರೀನಳದ್ದು ಬರೆದ. "ಸ್ಟುಡಿಯೊ ಖಾಲಿ ಇದೆ. ಈಗಲೇ ಹೊರಡೋಣಮ್ಮಾ."

"ನನ್ನ ಹಾಡು?" ಎಂದ ವರ್ಜಿಲ್.

"ಸತ್ತವಳು ಎದುರಿಗೇ ನಿಂತಿದ್ದಾಳಲ್ಲ ಸ್ವಾಮೀ. ಯಾರು ಅಳ್ತಾರೆ?"

ಲೊರೀನ್ ಹೋಗುವಾಗ ಗಿಟಾರನ್ನೂ ತೆಗೆದುಕೊಂಡು ಹೋದಳು.

ಸಂಜೆಯವರೆಗೆ ವರ್ಜಿಲ್ ಪಾತ್ರೆ ತೊಳೆದ. ಅಡಿಯ ಹೆಸರು ಓದಿ ಮನೆಮನೆಗೆ ಮುಟ್ಟಿಸಿ ಬಂದ. ಮೆಟ್ಟಿಲ ಮೇಲೆ ಒಡೆಸ್ಸಾ ಕಾಯುತ್ತಿದ್ದಳು. ಅವಳ ಕೈಯಲ್ಲಿ ಅವನು ತೊಳೆದುಕೊಟ್ಟಿದ್ದ ಅದೇ ಪಾತ್ರೆ, ಮತ್ತೆ ತುಂಬಿತ್ತು.

"ನಿನ್ನ ಹೆಂಡ್ತಿ ಆ ನ್ಯಾಶ್‌ವಿಲ್‌ನವನ ಕಾರು ಹತ್ತಿ ಓಡಿಹೋಗಿದ್ದು ನೋಡಿದೆ ಕಣಪ್ಪಾ," ಎಂದಳು. "ಇದಕ್ಕಿಂತ ಸತ್ತಿದ್ರೇ ವಾಸಿ ಇತ್ತು. ತಿನ್ನು."