ಟೈಲರಮ್ಮನ ಅಡುಗೆಮನೆಯಲ್ಲಿ ಪಾದಚಾರಿಗಳಿಗೆ ದಾರಿ

ಆ ಊರಿನ ಪುರಸಭೆ ಅಭಿವೃದ್ಧಿಗೆ ಟೊಂಕ ಕಟ್ಟಿ ನಿಂತಿತ್ತು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಶಾಲೆಯ ಮಕ್ಕಳು ರಸ್ತೆ ದಾಟುವುದರಿಂದ ವಾಹನಗಳಿಗೆ ತೊಂದರೆಯಾಗುತ್ತಿದೆ ಎಂದು ತಿಳಿದ ಕೂಡಲೇ, ಶಾಲೆ ಗೇಟಿನ ಎದುರು ಬಿಳಿ ಪಟ್ಟೆ ಬಳಿಯತಕ್ಕದ್ದೆಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು.

ಪೇಂಟರ್ ಬಕೆಟ್ ಹಿಡಿದು ಬಂದ. ಗೇಟಿನ ಎದುರು ಅಧ್ಯಕ್ಷರ ಭಾವಮೈದನ ಕಾರು ನಿಂತಿತ್ತು. ಹೋದ ಚುನಾವಣೆಯಿಂದಲೂ ಅಲ್ಲೇ ನಿಂತಿತ್ತು. ಟೈರಿನಲ್ಲಿ ಗಾಳಿ ಇಲ್ಲ, ಬಾನೆಟ್ಟಿನೊಳಗೆ ಬೆಕ್ಕು ಎರಡನೇ ಸಲ ಮರಿ ಹಾಕಿದೆ. ಆದರೂ ಅದು ಕೆಟ್ಟು ನಿಂತಿದೆ ಎಂದು ಬಾಯಿಬಿಡುವ ಧೈರ್ಯ ಯಾರಿಗೂ ಇಲ್ಲ. ಜನ ಅದರ ಹತ್ತಿರ ಸುಳಿಯದೆ ದೂರದಿಂದಲೇ ಹಾದುಹೋಗುತ್ತಿದ್ದರು. ಪೇಂಟರ್ ಕೂಡ ಒಂದಿಷ್ಟು ಮುಂದೆ ಹೋಗಿ, ರಸ್ತೆ ಖಾಲಿ ಇದ್ದ ಕಡೆ ನೀಟಾಗಿ ಪಟ್ಟೆ ಬಳಿದ. ಪಟ್ಟೆ ಹೋಗಿ ಟೈಲರಮ್ಮನ ಅಡುಗೆಮನೆಯ ಗೋಡೆಗೆ ಮುಟ್ಟಿತು.

ಎಂಜಿನಿಯರು ಬಂದು ಸ್ಥಳ ಪರಿಶೀಲಿಸಿದರು. "ಪಟ್ಟೆ ಸರಿಯಾಗಿದೆ. ಗೋಡೆ ಅಡ್ಡ ಬಂದಿದೆ."

ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿಬಂದಳು. "ಸಾರ್, ಗೋಡೆ ನಮ್ಮತ್ತೆ ಕಾಲದ್ದು. ಪಟ್ಟೆ ಇವತ್ತಿಂದು!"

"ಅದೇ ತಾಯಿ ತೊಂದರೆ. ಹಳೇದು ಹೊಸದಕ್ಕೆ ದಾರಿ ಬಿಡ್ಬೇಕು."

"ಆ ಕಾರನ್ನ ನಾಲ್ಕು ಜನ ತಳ್ಳಿದ್ರೆ ಹೋಗುತ್ತಲ್ಲ?"

ಎಂಜಿನಿಯರು ಆಚೆ ನೋಡಿದರು, ಈಚೆ ನೋಡಿದರು, ಆಕಾಶ ನೋಡಿದರು. ಕೊನೆಗೆ, "ಯಾವ ಕಾರು?" ಎಂದರು.

ಪುರಸಭೆಯವರು ಗೋಡೆ ಒಡೆದರು. ಆಟೋದ ಮೈಕಿನಲ್ಲಿ ಪ್ರಕಟಣೆ ಹೊರಟಿತು: "ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಎಲ್ಲರೂ ಟೈಲರಮ್ಮನವರ ಅಡುಗೆಮನೆಯ ಮೂಲಕವೇ ದಾಟತಕ್ಕದ್ದು. ಒಲೆಯ ಎಡಕ್ಕೆ ನಡೆಯತಕ್ಕದ್ದು. ಪಾತ್ರೆಗಳ ಮುಚ್ಚಳ ತೆಗೆದು ನೋಡುವುದನ್ನು ನಿಷೇಧಿಸಲಾಗಿದೆ."

ಜನಕ್ಕೇನು, ಖುಷಿಯೋ ಖುಷಿ. ಅಡುಗೆಮನೆ ಹೊಕ್ಕು ಮುಂಬಾಗಿಲಿಂದ ಹೊರಬಿದ್ದರೆ ಮಾರ್ಕೆಟ್ಟು ಪಕ್ಕದಲ್ಲೇ. ಬ್ಯಾಂಕಿನ ಕ್ಯಾಷಿಯರ್ ದಿನಕ್ಕೆ ಹಲವು ಬಾರಿ ದಾಟತೊಡಗಿದರು. ಸರಿಯಾಗಿ ಅದೇ ಹೊತ್ತಿಗೆ ನರ್ಸಮ್ಮನೂ ದಾಟುತ್ತಿದ್ದರು. ಬೇರೇನೂ ಇಲ್ಲ, ಇಬ್ಬರಿಗೂ ರಸ್ತೆ ಸುರಕ್ಷತೆಯ ಮೇಲೆ ಪ್ರಾಣ.

ಟೈಲರಮ್ಮನ ಪ್ರಾಣ ಮಾತ್ರ ಆ ಅಡುಗೆಮನೆಯಲ್ಲಿತ್ತು. ಮುಂದಿನ ಕೋಣೆಯಲ್ಲಿ ತೋಳು ಬಿಗಿಯಾಯಿತು, ಕತ್ತು ಸಡಿಲವಾಯಿತು ಎನ್ನುವ ಗಿರಾಕಿಗಳು. ಒಳಕೋಣೆಯಲ್ಲಿ ಗಂಡನ ಗೊರಕೆ. ಒಲೆಯ ಮುಂದೆ ಮಾತ್ರ ಅವಳು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಒಬ್ಬಳೇ ಗುನುಗಬಹುದು, ಗಂಡನ ಮನೆಯವರನ್ನೆಲ್ಲ ಬಾಯಿತುಂಬ ಬೈದುಕೊಳ್ಳಬಹುದು. ಈಗ ಬೈದರೆ ದಾರಿಹೋಕರು ನಿಂತು ಕೇಳುತ್ತಾರೆ. ಪಕ್ಕದ ಮನೆಯಾಕೆಯಂತೂ ನಿಷೇಧವಿದ್ದರೂ ಮುಚ್ಚಳ ಎತ್ತಿ, "ನಿನ್ನ ಮಗಳೂ ಅಳಿಯನೂ ಊರಿಂದ ಬಂದಿದಾರೆ, ಬರೀ ಬೇಳೇನೇನೇ?" ಎಂದಳು. ಬೇಳೆ ಬೇಯುವ ಮೊದಲೇ ಸುದ್ದಿ ಮಾರ್ಕೆಟ್ಟು ತಲುಪಿತ್ತು.

ಗಂಡನಿಗೆ ಹೇಳಿಕೊಳ್ಳೋಣವೆಂದರೆ ಆತ ನಿವೃತ್ತ ಬಸ್ ಕಂಡಕ್ಟರ್. ಟ್ರಂಕಿನಿಂದ ಹಳೆಯ ಸೀಟಿ ತೆಗೆದು ಒಲೆಯ ಪಕ್ಕ ನಿಂತೇಬಿಟ್ಟಿದ್ದ. "ಮುಂದೆ ಹೋಗ್ರೀ, ಮುಂದೆ ಹೋಗ್ರೀ, ಮಧ್ಯೆ ಜಾಗ ಇದೆ! ಅಜ್ಜಿ, ಒಗ್ಗರಣೆ ಹಾರುತ್ತೆ, ಹುಷಾರು!"

"ನಾಚಿಕೆ ಆಗಲ್ವೇನ್ರೀ ನಿಮಗೆ?"

"ಸುಮ್ನಿರೇ, ಡ್ಯೂಟಿ ಮೇಲಿದೀನಿ."

ಟೈಲರಮ್ಮ ನೇರ ಪುರಸಭೆಗೆ ಹೋದಳು. ಎಂಜಿನಿಯರು ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟರು. "ನೀವೇ ಬಂದಿದ್ದು ಒಳ್ಳೇದಾಯ್ತು. ನಿಮ್ಮ ಒಲೆ ರಸ್ತೆ ಒತ್ತುವರಿ ಮಾಡಿದೆ. ತೆಗೀಬೇಕು."

"ಅಯ್ಯೋ, ಒಲೆ ಅಡುಗೆಮನೇಲಿದೆ ಸಾರ್!"

"ಜನ ಓಡಾಡೋ ಜಾಗ ರಸ್ತೆ. ಜನ ಓಡಾಡದೇ ಇರೋದು ರಸ್ತೆ ಅಲ್ಲ. ನಿಯಮ ತಾಯಿ, ನಾನೇನು ಮಾಡ್ಲಿ?"

ಟೈಲರಮ್ಮ ಆ ಮಾತನ್ನು ಮನಸ್ಸಿನಲ್ಲೇ ಮಡಚಿಕೊಂಡು ಎದ್ದಳು. ದಾರಿಯುದ್ದಕ್ಕೂ ಜನ ಓಡಾಡದ ಜಾಗಕ್ಕಾಗಿ ಕಣ್ಣು ಹಾಯಿಸಿದಳು. ಬಸ್ ನಿಲ್ದಾಣ, ಕಚೇರಿ, ಆಸ್ಪತ್ರೆ, ಎಲ್ಲೆಲ್ಲೂ ಜನ. ಶಾಲೆ ಗೇಟಿನ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ಕಾರಿನ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಒಲೆ ಕಾರಿನ ಹಿಂದಕ್ಕೆ ಬಂತು. ಡಬ್ಬಿಗಳು ಡಿಕ್ಕಿಯ ಮೇಲೆ ಕೂತವು. ಕತ್ತರಿಸಿ ಉಳಿದ ಬಟ್ಟೆಗಳನ್ನೆಲ್ಲ ಜೋಡಿಸಿ ಹೊಲಿದ ಪರದೆಯೂ ಬಂತು.

ಎಂಜಿನಿಯರು ಓಡೋಡಿ ಬಂದರು. "ಇಲ್ಲಿ ಒಲೆ ಇಡೋ ಹಾಗಿಲ್ಲ!"

"ಎಲ್ಲಿ ಸಾರ್?"

"ಇಲ್ಲೇ. ಇದರ ಹಿಂದೆ."

"ಯಾವುದರ ಹಿಂದೆ ಸಾರ್?"

ಎಂಜಿನಿಯರು ಆಚೆ ನೋಡಿದರು, ಈಚೆ ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ.

ಮುಂದಿನ ಸಭೆಯಲ್ಲಿ ಎಲ್ಲವೂ ಯೋಜನೆಯ ಪ್ರಕಾರವೇ ಇದೆ ಎಂದು ಸರ್ವಾನುಮತದಿಂದ ದಾಖಲಾಯಿತು. ಪೇಂಟರ್ ಹೊಸ ಬೋರ್ಡು ಬರೆದು ನಿಲ್ಲಿಸಿದ: "ಮುಂದೆ ಅಡುಗೆ ನಡೆಯುತ್ತಿದೆ. ವಾಹನಗಳು ನಿಧಾನವಾಗಿ ಚಲಿಸತಕ್ಕದ್ದು." ಕ್ಯಾಷಿಯರ್‌ಗೂ ನರ್ಸಮ್ಮನಿಗೂ ಖಾಲಿಯಾದ ಅಡುಗೆಮನೆ ಇನ್ನಷ್ಟು ಸುರಕ್ಷಿತವೆನಿಸಿತು.

ಟೈಲರಮ್ಮ ಪರದೆಯ ಹಿಂದೆ ಗುನುಗುತ್ತ ಈರುಳ್ಳಿ ಹೆಚ್ಚುತ್ತಾಳೆ. ನೋಡುವವರಿಲ್ಲ, ಕೇಳುವವರಿಲ್ಲ, ಬೆಕ್ಕಿನ ಮರಿಗಳ ಹೊರತು. ಮಧ್ಯಾಹ್ನ ಡ್ಯೂಟಿ ಮುಗಿಸಿದ ಗಂಡ ಪಟ್ಟೆಯ ಮೇಲೇ ರಸ್ತೆ ದಾಟಿ ಬಂದು, ಪರದೆಯ ಹೊರಗೆ ನಿಂತು ಕೆಮ್ಮುತ್ತಾನೆ.

ಅವಳು ತಲೆ ಎತ್ತುವುದಿಲ್ಲ. "ಎಡಕ್ಕೆ ಬನ್ನಿ. ಮುಚ್ಚಳ ಮುಟ್ಬೇಡಿ."