ಸತ್ತ ಚಕ್ರವರ್ತಿಗೆ ಪಟ್ಟಾಭಿಷೇಕ

ಭಾನುವಾರ ನಾವು ನಾಲ್ವರು ಕೂತು ಜಗಳವಾಡದೆ ಎದ್ದದ್ದು ನನಗೆ ನೆನಪಿಲ್ಲ. ಅದೂ ಇನ್ನೂ ಹುಟ್ಟದ ಒಂದು ರಾಜವಂಶದ ಸಲುವಾಗಿ.

ನಮ್ಮದೊಂದು ಆಟ. ಮೇಜಿನ ಸುತ್ತ ಕೂತು ನಾನು ಕಥೆ ಹೇಳುತ್ತೇನೆ. ಉಳಿದ ಮೂವರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳಿ ದಾಳ ಹಾಕುತ್ತಾರೆ. ಕಥೆ ನಡೆಯುವುದು ಸಾವಿರಕ್ಕೂ ಹೆಚ್ಚು ವರ್ಷ ಮುಂದೆ, ನಕ್ಷತ್ರಗಳ ನಡುವಿನ ಒಂದು ಸಾಮ್ರಾಜ್ಯದಲ್ಲಿ. ನಾನು ದುರ್ಗದ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್, ಇವರ ಬಾಯಲ್ಲಿ ಮೇಷ್ಟ್ರು. ಪ್ರಾಕ್ಟಿಕಲ್ ಇಲ್ಲದ ದಿನಗಳಲ್ಲಿ ಕೂತು ಆ ಸಾಮ್ರಾಜ್ಯದ ಆರುನೂರು ವರ್ಷಗಳ ಇತಿಹಾಸವನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಬಹಳ ಚೆನ್ನಾಗಿ ಬರೆದಿದ್ದೇನೆ ಎಂದು ನನ್ನ ಅಭಿಪ್ರಾಯ. ಮಿಕ್ಕವರ ಅಭಿಪ್ರಾಯ ಕೆಳಗಿದೆ.

ಊಟಕ್ಕೆ ನಿಲ್ಲದ ನೌಕೆ

ಮೊದಲನೆಯವನು ಬಸ್ ಕಂಡಕ್ಟರ್. ಶ್ರೀರಾಂಪುರದ ಕಡೆಯವನು, ಕುರಿ ಸಾಕುವ ಮನೆತನ. ಆಟದಲ್ಲಿ ಪೈಲಟ್.

ಒಂದು ದಿನ ನೋಟ್‌ಬುಕ್ ತಿರುವಿ ಹಾಕುತ್ತಿದ್ದವನು, "ಮೇಷ್ಟ್ರೇ, ಈ ನೌಕೆ ಹನ್ನೆರಡನೇ ತಾರೀಕು ಹೊರಟು ಒಂಬತ್ತಕ್ಕೆ ತಲುಪೈತೆ" ಅಂದ.

ತಪ್ಪು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. "ಅಷ್ಟು ವೇಗದಲ್ಲಿ ಹೋದರೆ ಕಾಲವೇ ಬಗ್ಗುತ್ತೆ ಕಣಪ್ಪ" ಅಂದೆ.

"ಕಾಲ ಬಗ್ಲಿ, ಬ್ಯಾಡ ಅನ್ನಲ್ಲ. ನಮ್ ಬಸ್ಸು ಹಿರಿಯೂರು ಬಿಡಕ್ಕೆ ಮೂರು ದಿನ ಮುಂಚೇನೇ ದುರ್ಗಕ್ಕೆ ಬಂದ್ರೆ ಜನ ಹತ್ತೋದು ಯಾವಾಗ್ರಿ?"

ಹದಿನೆಂಟಕ್ಕೆ ತಲುಪಿತು ಎಂದು ತಿದ್ದಿದೆ. ಆಗಲೂ ಅವನಿಗೆ ಸಮಾಧಾನವಿಲ್ಲ. "ಆರು ದಿನದಾಗೆ ಒಂದ್ ಕಡೆನೂ ಊಟಕ್ಕೆ ನಿಲ್ಸಿಲ್ವಲ್ರಿ, ಡ್ರೈವರ್ ಸುಮ್ನಿದ್ನಾ?"

ಈಗ ಒಂದು ಕ್ಷುದ್ರಗ್ರಹದ ಮೇಲೆ ಹೋಟೆಲಿದೆ. ಇತಿಹಾಸದಲ್ಲಿ ಅದಕ್ಕೆ ಅರ್ಧ ಪುಟ.

ನಾಲ್ಕು ವರ್ಷದ ಹೆರಿಗೆ

ಎರಡನೆಯವರು ಹಿರಿಯೂರಿನ ನರ್ಸ್. ನಾವು ಸಿಸ್ಟರ್ ಅಂತಲೇ ಕರೆಯುವುದು. ಆಟದಲ್ಲಿ ಕ್ಯಾಪ್ಟನ್.

ಒಬ್ಬ ಮಹಾರಾಣಿಗೆ ಅವಳಿ ಮಕ್ಕಳಾದವು ಎಂದು ಬರೆದಿದ್ದೆ. ಒಂದು ಮಗು ಹುಟ್ಟಿದ್ದು 3310ರಲ್ಲಿ, ಇನ್ನೊಂದು 3314ರಲ್ಲಿ. ಕೈತಪ್ಪು. ಸಿಸ್ಟರ್ ಮುಖ ಕೆಂಪಗಾಯಿತು.

"ನಾಲ್ಕು ವರ್ಷ ಆಯಮ್ಮನ್ನ ಲೇಬರ್ ವಾರ್ಡಲ್ಲಿ ಮಲಗ್ಸಿದ್ದೋರು ಯಾರ್ರಿ? ಡ್ಯೂಟಿ ಡಾಕ್ಟ್ರು ಎಲ್ಲಿಗೋಗಿದ್ರು?"

"ಆ ಗ್ರಹದಲ್ಲಿ ವರ್ಷ ಚಿಕ್ಕದು ಸಿಸ್ಟರ್" ಎಂದು ನುಣುಚಿಕೊಳ್ಳಲು ನೋಡಿದೆ.

"ವರ್ಷ ಚಿಕ್ಕದಿರ್ಲಿ ದೊಡ್ಡದಿರ್ಲಿ, ನೋವು ನೋವೇ. ನೀವು ಹೆತ್ತಿದ್ರೆ ಗೊತ್ತಾಗೋದು!"

ತಿದ್ದಿಕೊಟ್ಟೆ. ಮಕ್ಕಳ ತೂಕವನ್ನೂ ಬರೆಸಿಯೇ ಬಿಟ್ಟರು.

ದಾರಿಯಿಲ್ಲದ ಗ್ರಹ

ಮೂರನೆಯವನು ಹೊಳಲ್ಕೆರೆಯ ಪತ್ರ ಬರಹಗಾರ. ಜಮೀನಿನ ಕ್ರಯಪತ್ರ ಬರೆದು ಬರೆದು ಅವನಿಗೆ ಜಗತ್ತೇ ಒಂದು ಸರ್ವೆ ನಂಬರಾಗಿ ಕಾಣುತ್ತದೆ. ಒಪ್ಪಂದದಲ್ಲಿ ಒಂದು ಗ್ರಹವನ್ನು ಶತ್ರುಗಳಿಗೆ ಬಿಟ್ಟುಕೊಟ್ಟರು ಎಂದು ಓದಿದ್ದೇ ತಡ, ಪೆನ್ನು ತೆಗೆದ.

"ಚಕ್ಕುಬಂದಿ ಹೇಳ್ರಿ. ಪೂರ್ವಕ್ಕೆ ಏನೈತೆ?"

"ಖಾಲಿ ಆಕಾಶ."

"ಪಶ್ಚಿಮಕ್ಕೆ?"

"ಅದೂ ಆಕಾಶವೇ."

ನಾಲ್ಕು ದಿಕ್ಕೂ ಕೇಳಿ ಪೆನ್ನಿಗೆ ಕ್ಯಾಪು ಹಾಕಿದ. "ಮೇಷ್ಟ್ರೇ, ದಾರಿನೇ ಇಲ್ಲದ ಜಾಗಕ್ಕೆ ಮೂವತ್ತು ವರ್ಷ ಯುದ್ಧ ಮಾಡವ್ರಲ್ಲ, ಇವ್ರಿಗೆ ತಲೆ ಐತಾ?"

ಹೆಳವರ ತೀರ್ಪು

ನಗುನಗುತ್ತಲೇ ನಡೆಯುತ್ತಿದ್ದ ಆಟ ಚಕ್ರವರ್ತಿ ವ್ಯೋಮಸೇನನಿಂದ ನಿಲ್ಲುವ ಹಂತಕ್ಕೆ ಬಂತು. ಅವನು ಕೊನೆಯ ಅಧ್ಯಾಯದ ಮೊದಲ ಪುಟದಲ್ಲೇ ಯುದ್ಧದಲ್ಲಿ ಸತ್ತಿದ್ದ. ಅರವತ್ತು ವರ್ಷಗಳ ನಂತರದ ಪುಟದಲ್ಲಿ, ಇಪ್ಪತ್ತೈದರ ಯುವಕನಾಗಿ ಪಟ್ಟಕ್ಕೇರಿದ್ದ. ಮುಂದಿನ ವಾರ ಅವನಿಗೂ ಸಿಸ್ಟರ್ ಅವರ ಕ್ಯಾಪ್ಟನ್‌ಗೂ ಮದುವೆ ಬೇರೆ.

ಸಾವನ್ನು ಹೊಡೆದುಹಾಕಿ ಎಂದ ಕಂಡಕ್ಟರ್. ಒಮ್ಮೆ ದಾಖಲಾದ ಸಾವನ್ನು ಹೊಡೆದುಹಾಕಲು ಬರುವುದಿಲ್ಲ, ಪಟ್ಟವನ್ನೇ ಹೊಡೆದುಹಾಕಿ ಎಂದ ಪತ್ರ ಬರಹಗಾರ. ಮಾತಿಗೆ ಮಾತು ಬೆಳೆದು "ನಿನ್ ಮುಖ ನೋಡಲ್ಲ ಹೋಗಲೇ" ಎನ್ನುವಲ್ಲಿಗೆ ಹೋಯಿತು. ಮೂರು ಭಾನುವಾರ ಆಟವಿಲ್ಲ. ತಪ್ಪು ನನ್ನದು, ಮುರಿದದ್ದು ಅವರ ಸ್ನೇಹ.

ಕೊನೆಗೆ ಕಂಡಕ್ಟರನ ತಾಯಿಯೇ ನಮ್ಮೆಲ್ಲರನ್ನೂ ಊಟಕ್ಕೆ ಕರೆದರು. ಪತ್ರ ಬರಹಗಾರನನ್ನು ಸಿಸ್ಟರ್ ಗದರಿಸಿ ಕರೆತಂದರು. ಇಬ್ಬರೂ ಜಗಲಿಯ ಎರಡು ತುದಿಗೆ ಕೂತರು. ಅವತ್ತೇ ಆ ಮನೆಗೆ ಹೆಳವರೂ ಬಂದಿದ್ದರು. ವರ್ಷಕ್ಕೊಮ್ಮೆ ಬಂದು ಮನೆತನದ ತಲೆಮಾರುಗಳನ್ನೆಲ್ಲ ಹೇಳಿ ಹೋಗುವವರು. ಅವರು ಏಳು ತಲೆಮಾರನ್ನು ಒಂದೇ ಉಸಿರಿಗೆ ಹೇಳಿದ್ದು ಕೇಳಿ ತಡೆಯಲಾರದೆ ನನ್ನ ಸಂಕಟ ತೋಡಿಕೊಂಡೆ.

ಹೆಳವರು ನಕ್ಕರು. "ಇಷ್ಟೇನಾ ಯಜಮಾನ್ರೇ? ಸತ್ತೋನು ಅಜ್ಜ, ಪಟ್ಟಕ್ಕೆ ಕುಂತೋನು ಮೊಮ್ಮಗ. ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟವ್ರೆ. ನಿಮ್ಮ ಮನೇಲಿ ಇಡಲ್ವಾ?"

ನಾಲ್ವರು ಓದು ಬಲ್ಲವರು, ಮೂರು ವಾರದ ಜಗಳ! ನನ್ನ ಹೆಸರೇ ನನ್ನ ತಾತನದು. ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಹೆಳವರು, "ಹೆಣ್ಣು ಯಾರ ಪೈಕಿ?" ಅಂದರು.

ಮದುವೆಯ ದಿನ ಹೇಳಬೇಕೆಂದು ಬಚ್ಚಿಟ್ಟಿದ್ದ ಗುಟ್ಟು ಬಾಯಿಗೆ ಬಂದುಬಿಟ್ಟಿತು. "ಸತ್ತ ಚಕ್ರವರ್ತಿಯ ಕಾಣೆಯಾದ ಮಗನ ಮಗಳು."

"ಶಿವ ಶಿವಾ! ಅಣ್ಣತಮ್ಮಂದಿರ ಮಕ್ಕಳು! ಅಣ್ಣ ತಂಗಿಗೆ ಮದುವೆ ಮಾಡ್ತೀರೇನ್ರಿ?"

ಒಳಗಿನಿಂದ ತಾಯಿ, "ಸದ್ಯ, ಲಗ್ನಪತ್ರಿಕೆ ಹಂಚಿಲ್ಲ ತಾನೆ?" ಎಂದು ಗಾಬರಿಯಾದರು.

ಹೆಳವರೇ ದಾರಿ ತೋರಿಸಿದರು. "ಆ ಅಜ್ಜಗೆ ಒಬ್ಬ ಮಗಳಿದ್ಲು ಅನ್ರಿ. ಮಗ ಕಾಣೆ ಆದ್ನಲ್ಲ, ಪಟ್ಟ ಮಗಳ ಮಗನಿಗೆ ಬಂತು. ಅಲ್ಲಿಗೆ ಹುಡುಗ ಸೋದರತ್ತೆ ಮಗ ಆದ. ಧಾರಾಳವಾಗಿ ಮಾಡಬೌದು."

ಸಿಸ್ಟರ್ ಎದ್ದು ನಿಂತರು. "ಅದೆಲ್ಲಾ ಆಗಲ್ಲ. ದಿನಾ ವಾರ್ಡಲ್ಲಿ ನಿಂತ್ಕಂಡು, ಸಂಬಂಧದಾಗೆ ಮದುವೆ ಮಾಡ್ಬ್ಯಾಡ್ರವ್ವ ಅಂತ ಹೇಳೋಳು ನಾನು. ನನ್ ಕ್ಯಾಪ್ಟನ್ನೇ ಅತ್ತೆ ಮಗನ್ನ ಮಾಡ್ಕಂಡ್ರೆ ನಾಳೆ ಯಾವ ಮುಖ ಇಟ್ಕಂಡು ಡ್ಯೂಟಿಗೆ ಹೋಗ್ಲಿ?"

"ಏನಾಗಲ್ಲ ಸುಮ್ನಿರವ್ವ" ಎನ್ನುತ್ತಾ ತಾಯಿ ಹೊರಗೆ ಬಂದರು. "ನಾನೂ ಸೋದರತ್ತೆ ಮಗನ್ನೇ ಮಾಡ್ಕಂಡಿದ್ದು. ನೋಡು, ನನ್ ಮಗ ಹೆಂಗವ್ನೆ!"

ಎಲ್ಲರೂ ತಿರುಗಿ ನೋಡಿದೆವು. ಕಂಡಕ್ಟರ್ ತಾನೇ ರಟ್ಟಿನಲ್ಲಿ ಮಾಡಿಕೊಂಡ ಪೈಲಟ್ ಟೋಪಿ ಹಾಕಿಕೊಂಡು, ದಾಳವನ್ನು ಬಾಯಿಯ ಹತ್ತಿರ ಹಿಡಿದು, ಅದಕ್ಕೆ ಮೆಲ್ಲಗೆ ಏನೋ ಬುದ್ಧಿ ಹೇಳುತ್ತಿದ್ದ.

ಸಿಸ್ಟರ್ ಅವನನ್ನೇ ದಿಟ್ಟಿಸಿದರು. "ಆಯ್ತು ಬಿಡ್ರವ್ವ. ನಾಳೆಯಿಂದ ವಾರ್ಡಿಗೆ ಇವನ್ನೇ ಕರ್ಕಂಡು ಹೋಗ್ತೀನಿ. ಬಾಯಲ್ಲಿ ಹೇಳೋದು ಉಳೀತೈತೆ."

ಪತ್ರ ಬರಹಗಾರ ಜಗಲಿಯ ಆ ತುದಿಯಿಂದ ನಗುತ್ತಲೇ ಬಂದು ಕಂಡಕ್ಟರನ ಹೆಗಲ ಮೇಲೆ ಬಿದ್ದ. ಮೂರು ವಾರದ ನಂತರ ಅವನೊಡನೆ ಆಡಿದ ಮೊದಲ ಮಾತು: "ನಡಿಯಲೇ ವಾರ್ಡಿಗೆ, ಸಾಕ್ಷಿ ಸಹಿಗೆ ನಾನೂ ಬರ್ತೀನಿ."