ಬರ್ಮಿಂಗ್‌ಹ್ಯಾಮ್ ಮಾಸ್ತರರ ಇಂಗ್ಲಿಷು

೧. ನೆಗಡಿ

ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ ಕಡೆಯ ಬ್ಯಾಂಕ್ ಗುಮಾಸ್ತ, ನನ್ನ ಮೇಜಿನ ಹತ್ತಿರ ಬಗ್ಗಿ ಅಂದ: "ಕಾಕಾ, ಹೊಸ ಮಾಸ್ತರರ ಇಂಗ್ಲಿಷ್ ಬರೋಬರಿ ಇಲ್ರಿ."

ಮಾಸ್ತರ ಇಂಗ್ಲೆಂಡಿನವ. ಊರು ಬರ್ಮಿಂಗ್‌ಹ್ಯಾಮ್. ಪುಣೆಯ ಕೋರೆಗಾವ್ ಪಾರ್ಕಿನಲ್ಲಿ ಪರದೇಶದವರೇ ತುಂಬಿದ್ದ ಆಶ್ರಮಕ್ಕೆ ಬಂದವನು, ಕೈಯಲ್ಲಿದ್ದ ದುಡ್ಡು ತೀರಿ ಇಲ್ಲೇ ಉಳಿದಿದ್ದ. ಡಿಸೆಂಬರಿನಲ್ಲಿ ತಂಗಿಯ ಮದುವೆ. ಅಷ್ಟರೊಳಗೆ ವಿಮಾನದ ಟಿಕೆಟ್ಟಿಗೆ ಗಳಿಸಬೇಕಿತ್ತು. ಹಾಗಾಗಿ ಲಕ್ಷ್ಮೀ ರಸ್ತೆಯ ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದ. ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿ ಆಫೀಸು ನೋಡುತ್ತಿದ್ದೆ.

ಮಾಲೀಕರಿಗೆ ಹೇಳಿದೆ. ಅವರು ಬೆಳಗಾವಿಯವರು. "ಇಂಗ್ಲೆಂಡಿನಾಂವಗ ಇಂಗ್ಲಿಷ್ ಬರೂದಿಲ್ಲೇನು? ಆ ಗುಮಾಸ್ತನ ತಲಿ ನೆಟ್ಟಗದನೋ ಇಲ್ಲೋ?"

ಆದರೂ ಮರುದಿನ ಬಾಗಿಲ ಹಿಂದೆ ನಿಂತು ಕೇಳಿದರು. ಹೊರಗೆ ಬಂದು ಮೆಲ್ಲಗೆ ಅಂದರು: "ಅವಗ ನೆಗಡಿ ಆಗಿರಬೇಕ್ರಿ."

೨. ಪರೀಕ್ಷೆ

ನೆಗಡಿ ವಾಸಿಯಾಗಲಿಲ್ಲ. ವಿದ್ಯಾರ್ಥಿಗಳು ಕಡಿಮೆಯಾದರು. ಮಾಲೀಕರು ಸದಾಶಿವ ಪೇಠೆಯ ನಿವೃತ್ತ ಹೆಡ್‌ಮಾಸ್ತರರನ್ನು ಕರೆಸಿದರು. ಕರಿ ಟೋಪಿ, ಛತ್ರಿ. ಇಂಗ್ಲಿಷನ್ನು ರೇಡಿಯೋದಲ್ಲಿ ಲಂಡನ್ನಿನ ಸುದ್ದಿ ಕೇಳಿ ಕಲಿತವರು. ಕೊನೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತು ಇಡೀ ಪಾಠ ಕೇಳಿದರು. ಆಮೇಲೆ ಎದ್ದು ನಿಂತರು.

"ನೀವು ಇಂಗ್ಲಿಷ್ ಎಲ್ಲಿ ಕಲಿತಿರಿ?"

"ಮನೆಯಲ್ಲಿ. ನಮ್ಮ ತಾಯಿಯಿಂದ."

"ಅಸ್ಸಂ!" ಹೀಗೋ ಅಂತ ಮರಾಠಿಯಲ್ಲಿ ತಲೆದೂಗಿದರು. "ಹಾಗಾದರೆ ತಪ್ಪು ಅಲ್ಲೇ ಆಗಿದೆ."

೩. ನಗುವವರು

ಆಶ್ರಮದಿಂದ ಅವನ ಪರಿಚಯದ ಲಂಡನ್ ಹೆಂಗಸೊಬ್ಬಳು ಬಂದಿದ್ದಳು. ಅವನು ಬಾಯಿ ತೆರೆದರೆ ಸಾಕು, ಕಿಸಕ್ಕನೆ ನಗುತ್ತಿದ್ದಳು. ಅವಳು ಹೋದ ಮೇಲೆ ಯಾಕೆ ಅಂತ ಕೇಳಿದೆ. "ನಮ್ಮೂರವರ ಮೂಗಿನಲ್ಲಾಡುವ ಮಾತು ಕೇಳಿದರೆ ಲಂಡನ್ನಿನವರಿಗೆ, ಇವರಿಗೆ ಬುದ್ಧಿ ಕಡಿಮೆ ಅನ್ನಿಸುತ್ತದೆ" ಅಂದ.

ಚಹಾ ತರಿಸಿದೆ. ನಾನು ಧಾರವಾಡದವ. ಬೆಂಗಳೂರಿನ ಅಂಗಡಿಯಲ್ಲಿ "ಭಾಳ ಛಲೋ ಅದ" ಅಂದರೆ, ಅಂಗಡಿಯವನು ಒಳಗಿದ್ದವರನ್ನೂ ಕರೆದು ಮತ್ತೊಮ್ಮೆ ಹೇಳಿಸುತ್ತಾನೆ. ಪುಣೆಯಲ್ಲಿ ನನ್ನ ಮರಾಠಿಗೆ ಹಾಲಿನವನೂ ನಗುತ್ತಾನೆ. ಇದನ್ನೆಲ್ಲ ಹೇಳಿದೆ. ಆ ವರ್ಷ ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

"ಮತ್ತೆ ನಿಮ್ಮೂರವರು ಯಾರ ಮಾತಿಗೆ ನಗುತ್ತಾರೆ?" ಅಂದ.

ಯೋಚಿಸಿದೆ. "ಬಿಜಾಪುರದವರ ಮಾತಿಗೆ."

೪. ಕುರ್ಚಿ

ಗಣಪತಿ ಹಬ್ಬದ ಹೊತ್ತಿಗೆ ಅರ್ಧ ಬೆಂಚು ಖಾಲಿ. ಮಾಲೀಕರು ಅವನನ್ನು ಕರೆದು, ಇನ್ನು ಬರಬೇಡ ಅಂದರು. ಅವನು ಜೇಬಿನಿಂದ ತಂಗಿಯ ಫೋಟೋ ತೆಗೆದು ಮೇಜಿನ ಮೇಲಿಟ್ಟ. ಸುಮ್ಮನೆ ನಿಂತ. ಮಾಲೀಕರು ಫೋಟೋ ನೋಡಿದರು. ಅವರ ಮನೆಯಲ್ಲೂ ಮದುವೆಗೆ ಬಂದ ಮಗಳಿದ್ದಳು. ಆಮೇಲೆ ಅವನನ್ನೇ ಬಹಳ ಹೊತ್ತು ನೋಡಿದರು.

"ಬಾಯಿ ಮುಚ್ಚಿದ್ರ ಎಷ್ಟು ಛಂದ ಕಾಣ್ತಾನ್ರಿ!" ಅಂದರು ನನಗೆ.

ಮರುದಿನದಿಂದ ಪಾಠ ಹೆಡ್‌ಮಾಸ್ತರರದು. ಇವನಿಗೆ ಕೋಟು ಟೈ ಹಾಕಿಸಿ, ಕೈಗೆ ಇಂಗ್ಲಿಷ್ ಪೇಪರು ಕೊಟ್ಟು, ರಸ್ತೆಗೆ ಕಾಣುವ ಮಹಡಿಯ ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಸಂಬಳ ಅಷ್ಟೇ. ಷರತ್ತು ಒಂದೇ: ಮಾತಾಡಬಾರದು.

ಕೆಳಗಿಂದ ನೋಡಿದವರು ಮೆಟ್ಟಿಲು ಹತ್ತತೊಡಗಿದರು. ಬೆಂಚು ತುಂಬಿ, ಬೆಳಗಿನ ಪಾಠವನ್ನೂ ಶುರು ಮಾಡಬೇಕಾಯಿತು. ಬಿಟ್ಟುಹೋಗಿದ್ದ ಗುಮಾಸ್ತನೂ ಬಂದ. ಗ್ಯಾಲರಿಯ ಕಡೆ ನೋಡಿ, "ಈಗ ಸಾಹೇಬ್ರ ಇಂಗ್ಲಿಷ್ ಭಾಳ ಸುಧಾರಿಸೇದ ನೋಡ್ರಿ, ಕಾಕಾ" ಅಂದ.

ಡಿಸೆಂಬರ್ ಶುರುವಿನಲ್ಲಿ ಟಿಕೆಟ್ ಆಯಿತು. ಮುಂಬಯಿ ಗಾಡಿ ಹತ್ತಿಸಿ ಬಂದೆ. ತಂಗಿಯ ಮದುವೆಗೆ ಮುಟ್ಟಿದ.

ಮರುವಾರ ಮಾಲೀಕರು ನನ್ನನ್ನು ಕೋರೆಗಾವ್ ಪಾರ್ಕಿಗೆ ಕಳಿಸಿದರು. ಸಿಕ್ಕವನು ಇಟಲಿಯವ. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಅದೇ ಕುರ್ಚಿಯಲ್ಲಿ ಎರಡು ವರ್ಷ ಕೂತ. ಯಾರೂ ದೂರಲಿಲ್ಲ.